ಅಲ್ಲಿ ತೋರಿಸಿದ್ದೆಲ್ಲ ನಿಜವಾ, ಡಾಕ್ಟ್ರಮ್ಮಾ?

ದನದ ಡಾಕ್ಟ್ರಿಗೆ ಓದುಗರ ಪ್ರಶ್ನೆಗಳು

ಈ ಸಲದ ಅಂಚೆಯಲ್ಲಿ ಕೆಚ್ಚಲು ಬಾವು, ಉಣ್ಣೆ ಕಾಟ, ಗಬ್ಬ ನಿಲ್ಲದಿರುವುದು ಎಲ್ಲವೂ ಹಿಂದೆ ಬಿದ್ದಿವೆ. ಹೋದ ಸಂಚಿಕೆಯಲ್ಲಿ ಓದುಗರೊಬ್ಬರು, ಮನುಷ್ಯ ಪ್ರಾಣಿಗಳಿಗೆ ಕೊಡುವ ಹಿಂಸೆಯನ್ನು ತೋರಿಸುವ ‘ಅರ್ಥ್‌ಲಿಂಗ್ಸ್’ ಎಂಬ ಸಾಕ್ಷ್ಯಚಿತ್ರದ ಬಗ್ಗೆ ಎರಡು ಸಾಲು ಬರೆದಿದ್ದರು. ಅದನ್ನು ಹುಡುಕಿ ನೋಡಿದವರ ಪತ್ರಗಳೇ ಈಗ ಜಾಸ್ತಿ. ಕೆಚ್ಚಲು ಬಾವಿನವರು ಮುಂದಿನ ಸಂಚಿಕೆಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಉಳಿದವರು ಕೂತು ಮಾತಾಡೋಣ.

ಮೇಡಂ, ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಹಾಸ್ಟೆಲ್‌ನಲ್ಲಿ ನಾವು ಗೆಳತಿಯರು ಸೇರಿ ‘ಅರ್ಥ್‌ಲಿಂಗ್ಸ್’ ನೋಡಿದೆವು. ಇಬ್ಬರು ಅರ್ಧಕ್ಕೇ ಎದ್ದುಹೋದರು. ಅದರಲ್ಲಿ ನಮ್ಮ ದೇಶದ ದನಗಳ ಬಾಲ ಮುರಿಯುವುದು, ಕಣ್ಣಿಗೆ ಮೆಣಸಿನಕಾಯಿ ತಿಕ್ಕುವುದು ಎಲ್ಲ ಇದೆ. ಅಪ್ಪನಿಗೆ ಹೇಳಿದರೆ, ‘ಗೋವನ್ನು ಪೂಜೆ ಮಾಡುವ ದೇಶ ಇದು, ಹೊರಗಿನವರು ನಮ್ಮ ಮಾನ ಕಳೆಯಲು ಏನೇನೋ ತೋರಿಸುತ್ತಾರೆ’ ಅಂತಾರೆ. ನಾನು ಯಾರ ಮಾತು ನಂಬಲಿ? – ದಾವಣಗೆರೆಯಿಂದ

ಬಾಲದ ಮಾತು ನಿಜ ಮಗಳೇ. ಅದನ್ನು ತಿಳಿಯಲು ನನಗೆ ಸಿನಿಮಾ ಬೇಕಾಗಿರಲಿಲ್ಲ.

ದನದ ಜಾತ್ರೆಗೆ ಡ್ಯೂಟಿ ಹಾಕಿದಾಗ ಕೊಳ್ಳುವವರು ಬಾಯಿ ಬಿಡಿಸಿ ಎರಡು ಹಲ್ಲಾ, ನಾಲ್ಕು ಹಲ್ಲಾ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯಾ ಎಂದು ವಯಸ್ಸು ನೋಡುತ್ತಿದ್ದರು. ನಾನು ಹಿಂದೆ ನಿಂತು ಬಾಲ ಹಿಡಿಯುತ್ತಿದ್ದೆ. ಬುಡದಿಂದ ಕುಚ್ಚಿನವರೆಗೆ ಬೆರಳು ಜಾರಿಸಿಕೊಂಡು ಬಂದರೆ ಮೂಳೆಗಳು ಒಂದರ ಕೆಳಗೊಂದು ನೇರವಾಗಿ ಸಿಗಬೇಕು. ನಡುವೆ ಗಂಟು ಸಿಕ್ಕಿತೋ, ಅಲ್ಲಿ ಮುರಿದು ತಾನಾಗೇ ಕೂಡಿಕೊಂಡಿದೆ ಎಂದರ್ಥ. ಕೆಲವು ಎತ್ತುಗಳ ಬಾಲ ಹಾವಿನ ಹಾಗೆ ಡೊಂಕಾಗಿರುತ್ತಿತ್ತು. ಅದರ ಒಡೆಯ ಪಕ್ಕದಲ್ಲೇ ನಿಂತು, ‘ತುಂಬಾ ಸಾಧು ಅಮ್ಮಾ, ಮಗು ಬೇಕಾದ್ರೂ ಹಿಡಿಯಬಹುದು’ ಅನ್ನುತ್ತಿದ್ದ. ಸಾಧು ಯಾಕಾಯಿತು ಎನ್ನುವುದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು.

ಚಿತ್ರದ ಬಗ್ಗೆ ಸ್ವಲ್ಪ ಹೇಳುತ್ತೇನೆ, ನೋಡದವರೂ ಇದನ್ನು ಓದುತ್ತಿರುತ್ತಾರೆ. 2005ರದ್ದು, ಅಮೆರಿಕದ ಶಾನ್ ಮಾನ್ಸನ್ ಮಾಡಿದ್ದು. ನಟ ವಾಕೀನ್ ಫೀನಿಕ್ಸ್ ದನಿ ಕೊಟ್ಟಿದ್ದಾರೆ. ಒಂದೂವರೆ ಗಂಟೆಯಲ್ಲಿ ಐದು ಭಾಗ: ಸಾಕುಪ್ರಾಣಿ, ಆಹಾರ, ಉಡುಪು, ಮನರಂಜನೆ, ವಿಜ್ಞಾನ. ನಮ್ಮ ದನಗಳು ಬರುವುದು ಉಡುಪಿನ ಭಾಗದಲ್ಲಿ, ಚರ್ಮದ ಲೆಕ್ಕದಲ್ಲಿ. ಹೆಚ್ಚಿನ ದೃಶ್ಯಗಳು ಕದ್ದು ಚಿತ್ರಿಸಿದವು. ಇದೆಲ್ಲ ಶುರುವಾದದ್ದು ನಾಯಿ ಬೆಕ್ಕುಗಳ ಸಂತಾನಹರಣ ಚಿಕಿತ್ಸೆಗೆ ಪ್ರಚಾರ ಕೊಡುವ ಚಿಕ್ಕ ಜಾಹೀರಾತುಗಳಿಂದ. ಅದಕ್ಕೆಂದು ಪ್ರಾಣಿಗಳ ಆಶ್ರಯಧಾಮಗಳಲ್ಲಿ ಕ್ಯಾಮೆರಾ ಇಟ್ಟವರು ಅಲ್ಲಿಂದ ಕಸಾಯಿಖಾನೆಯವರೆಗೂ ಹೋದರು.

ನನಗೆ ಅದರ ಮೇಲೆ ಒಂದು ತಕರಾರಿದೆ. ಹಲವು ದೃಶ್ಯಗಳಿಗೆ ಊರು, ಇಸವಿ ಯಾವುದೂ ಇಲ್ಲ. ರೋಗಿಯ ಚೀಟಿಯಲ್ಲಿ ತಾರೀಖು ಬರೆಯದ ಡಾಕ್ಟರನ್ನು ನಾನು ಬೈಯುತ್ತಿದ್ದೆ, ಇವರನ್ನೂ ಬೈಯುತ್ತೇನೆ. ‘ಎಲ್ಲಿಯದೋ ಏನೋ’ ಎಂದು ನಿಮ್ಮ ಅಪ್ಪ ತಳ್ಳಿಹಾಕಲು ಅದೇ ದಾರಿ ಮಾಡಿಕೊಟ್ಟಿದೆ.

ಆದರೆ ಪೂಜೆಯ ವಾದವನ್ನು ಅವರು ಎತ್ತಬಾರದಿತ್ತು. ನಮ್ಮ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ದಿನ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವು ಕಟ್ಟಿ, ಆರತಿ ಎತ್ತಿ ಪೊಂಗಲು ತಿನ್ನಿಸುತ್ತೇವೆ. ಸಂಜೆ ಅದೇ ದನವನ್ನು ಉರಿಯುವ ಹುಲ್ಲಿನ ಮೇಲೆ ಕಿಚ್ಚು ಹಾಯಿಸುತ್ತೇವೆ. ಮಾರನೆಯ ದಿನ ಬೊಬ್ಬೆಯೆದ್ದ ಕೆಚ್ಚಲಿಗೆ ಮುಲಾಮು ಕೇಳಿಕೊಂಡು ಬಂದವರ ಹಣೆಯಲ್ಲಿ ಹಬ್ಬದ ಕುಂಕುಮ ಇನ್ನೂ ಇರುತ್ತಿತ್ತು. ಪೂಜೆ ಸುಳ್ಳಲ್ಲ, ಸುಟ್ಟ ಗಾಯವೂ ಸುಳ್ಳಲ್ಲ.

ಮೆಣಸಿನಕಾಯಿ ಯಾಕೆ ಬರುತ್ತದೆ ಗೊತ್ತೇನು? ಬಿದ್ದ ದನ ಏಳಲಿ ಎಂದು. ನಮ್ಮಲ್ಲಿ ಗೋಹತ್ಯೆಯ ಕಾನೂನು ರಾಜ್ಯಕ್ಕೊಂದು ಥರ. ಹೀಗಾಗಿ ಒಂದು ಕಡೆ ಬೇಡವಾದ ದನ ಇನ್ನೊಂದು ಕಡೆಗೆ ಸಾಗುತ್ತದೆ, ಅದೂ ರಾತ್ರಿ ಹೊತ್ತು, ಅವಸರದಲ್ಲಿ, ನೀರು ಮೇವಿಲ್ಲದೆ. ಬಡಕಲು ದನ ಬಿದ್ದರೆ ಅದರದೇ ಭಾರಕ್ಕೆ ಕಾಲಿನ ನರ ಒತ್ತಿಹೋಗುತ್ತದೆ. ಎಷ್ಟು ಹೊತ್ತು ಬಿದ್ದಿರುತ್ತದೋ ಅಷ್ಟು ಏಳುವುದು ಕಷ್ಟ. ಅದು ಹಟ ಮಾಡುತ್ತಿಲ್ಲ, ಅದಕ್ಕೆ ಆಗುತ್ತಿಲ್ಲ. ಕರು ಹಾಕಿದ ಎರಡನೇ ದಿನ ನೆಲ ಹಿಡಿದ ಹಸುವಿಗೂ ಹಳ್ಳಿಯಲ್ಲಿ ಮೊದಲು ಮಾಡುವುದು ಬಾಲ ತಿರುಚುವುದನ್ನೇ. ಅದಕ್ಕೆ ಬೇಕಾಗಿರುವುದು ರಕ್ತನಾಳಕ್ಕೆ ನಿಧಾನವಾಗಿ ಹೋಗುವ ಒಂದು ಬಾಟಲಿ ಕ್ಯಾಲ್ಸಿಯಂ. ಬಾಟಲಿ ಮುಗಿಯುವಷ್ಟರಲ್ಲಿ ಮೂಗಿನ ಮೇಲೆ ಬೆವರು ಮೂಡುತ್ತದೆ, ಸೆಗಣಿ ಹಾಕುತ್ತದೆ, ಎಷ್ಟೋ ಹಸುಗಳು ಅಲ್ಲೇ ಎದ್ದು ನಿಲ್ಲುತ್ತವೆ. ಬಾಲ ತಿರುಚುತ್ತಿದ್ದವನೇ ಆಗ ಹಸುವಿಗೆ ಕೈ ಮುಗಿಯುತ್ತಾನೆ.

ಇಲ್ಲಿ ನನ್ನದೂ ಚಿತ್ರದ್ದೂ ದಾರಿ ಬೇರೆಯಾಗುತ್ತದೆ. ಮನುಷ್ಯ ತನ್ನ ಕುಲವೇ ದೊಡ್ಡದೆಂದು ಉಳಿದ ಜೀವಗಳನ್ನು ತುಳಿಯುವುದು ಜನಾಂಗದ್ವೇಷದಂಥದ್ದೇ ಎಂದು ಅದು ವಾದಿಸುತ್ತದೆ. ನೋವಿನ ಮಟ್ಟಿಗೆ ಒಪ್ಪುತ್ತೇನೆ. ಹಸುವಿನ ನರ ನನ್ನ ನರದಂತೆಯೇ ಕೆಲಸ ಮಾಡುತ್ತದೆ, ಅದನ್ನು ಕೊಯ್ದು ನೋಡಿಯೇ ಓದಿದವಳು ನಾನು. ಆದರೆ ಆ ಚಿತ್ರದಲ್ಲಿ ನಮಗೆ ಕಾಣುವುದು ಹಗ್ಗ ಹಿಡಿದ ಕೈ ಮಾತ್ರ. ದಿನಗೂಲಿಯ ಹುಡುಗ, ಒಂದು ದನ ಲಾರಿ ಹತ್ತದಿದ್ದರೆ ಅವನ ಕೂಲಿ ಕಡಿತ. ದನ ಕೊಂಡವನು, ಮಾರಿದವನು, ಆ ಚರ್ಮದ ಚಪ್ಪಲಿ ಹಾಕಿಕೊಂಡವನು ಯಾರೂ ಆ ಚೌಕಟ್ಟಿನೊಳಗೆ ಇಲ್ಲ. ಬಾಲ ಮುರಿಯುವವನನ್ನು ಬೈದು ಸುಮ್ಮನಾದರೆ ಅವರಿಗೆಲ್ಲ ಅನುಕೂಲ.

ಅಪ್ಪನೊಂದಿಗೆ ಜಗಳ ಬೇಡ. ಮುಂದಿನ ಸಲ ದನದ ಜಾತ್ರೆಗೆ ಇಬ್ಬರೂ ಹೋಗಿ, ಒಡೆಯನನ್ನು ಕೇಳಿ ಒಂದೆರಡು ಬಾಲ ಮುಟ್ಟಿ ನೋಡಿ. ಒದೆ ಬೀಳದಂತೆ ಪಕ್ಕದಲ್ಲಿ ನಿಲ್ಲಿ.

ಡಾಕ್ಟ್ರಮ್ಮಾ, ಮಗ ಬೆಂಗಳೂರಿನಿಂದ ಬಂದವನು ಮೊಬೈಲಿನಲ್ಲಿ ಈ ಸಿನಿಮಾ ತೋರಿಸಿ, ‘ನೀವು ರೈತರೇ ದೊಡ್ಡ ಕಟುಕರು’ ಅಂದ. ಮೂಗುದಾರ ಹಾಕ್ತೀವಿ, ಬೀಜ ಒಡೆಸ್ತೀವಿ, ಲಾಳ ಹೊಡೀತೀವಿ, ಬರೆ ಹಾಕ್ತೀವಿ ನಿಜ. ಇವೆಲ್ಲ ಇಲ್ಲದೆ ಬೇಸಾಯ ಹೇಗೆ? ನಾವು ದನಕ್ಕೆ ಹಾಕಿ ಆಮೇಲೆ ಉಣ್ಣೋರು. – ಕೆ.ಆರ್. ಪೇಟೆ ತಾಲ್ಲೂಕಿನಿಂದ

ಯಜಮಾನ್ರೇ, ದನಕ್ಕೆ ಹಾಕಿ ಉಣ್ಣುವ ಮನೆಗಳನ್ನು ನಾನು ಬಲ್ಲೆ. ಅಂಥ ಮನೆಯ ಮಗನೇ ಈ ಮಾತು ಆಡಿದ್ದಕ್ಕೆ ನಿಮಗೆ ಉರಿದಿದೆ. ಆದರೂ ನೀವು ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದಿರಿ, ನಾನು ಬಿಡಿಸಿ ಹೇಳುತ್ತೇನೆ.

ಲಾಳಕ್ಕೆ ನನ್ನ ಆಕ್ಷೇಪಣೆ ಇಲ್ಲ. ಟಾರು ರಸ್ತೆಯಲ್ಲಿ ಗಾಡಿ ಎಳೆಯುವ ಎತ್ತಿಗೆ ಅದು ಚಪ್ಪಲಿ. ಮೊಳೆ ಗೊರಸಿನ ಸತ್ತ ಭಾಗಕ್ಕೆ ಹೋಗಬೇಕು, ಜೀವ ಇರುವ ಕಡೆಗೆ ಹೋಗಬಾರದು, ಅಷ್ಟೆ. ಕೆಡವುವಾಗ ಕಲ್ಲುನೆಲದ ಮೇಲೆ ಕೆಡವುವುದು ಮಾತ್ರ ತಪ್ಪು, ಮರಳೋ ಹುಲ್ಲೋ ಹಾಸಿ.

ಮೂಗುದಾರ ಹೋರಿಗೆ ಬೇಕಾಗುತ್ತದೆ, ಹಸುವಿಗೆ ಬೇಡ. ಚುಚ್ಚುವಾಗ ಸ್ವಚ್ಛ ಸೂಜಿ ಇರಲಿ. ಒರಟು ನೈಲಾನ್ ಹಗ್ಗ ಹಾಕಬೇಡಿ, ನೂಲಿನದು ಹಾಕಿ.

ಬೀಜ ಒಡೆಯುವುದನ್ನು ಎರಡು ಕೋಲಿನ ನಡುವೆ ಇಟ್ಟು ಜಜ್ಜಿಸುವ ಕಾಲ ನಿಮಗೂ ನೆನಪಿರಬಹುದು. ಹೋರಿಯ ಆ ಕೂಗು ಊರಾಚೆಗೂ ಕೇಳುತ್ತಿತ್ತು. ಈಗ ಪ್ರತಿ ಪಶು ಆಸ್ಪತ್ರೆಯಲ್ಲೂ ಬರ್ಡಿಝೋ ಇಕ್ಕಳ ಇದೆ, ಚರ್ಮ ಕೊಯ್ಯದೆ ಒಳಗಿನ ನಾಳವನ್ನಷ್ಟೇ ಒತ್ತಿ ಮುಗಿಸುತ್ತದೆ. ಅದಕ್ಕೂ ಮೊದಲು ಅರಿವಳಿಕೆ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ನಮ್ಮವರೂ ಎಷ್ಟೋ ಸಲ ಕೊಡುವುದಿಲ್ಲ, ದಿನಕ್ಕೆ ನಲವತ್ತು ದನ ನೋಡುವ ಡಾಕ್ಟರಿಗೆ ಅವಸರ. ಆಮೇಲೆ ನೋವಿಗೆ ಮೆಲಾಕ್ಸಿಕ್ಯಾಮ್ ಇಂಜೆಕ್ಷನ್ ಇದೆ. ಹಿಂದೆ ಡೈಕ್ಲೋಫಿನಾಕ್ ಕೊಡುತ್ತಿದ್ದೆವು, 2006ರಲ್ಲಿ ದನಗಳ ಬಳಕೆಗೆ ಅದನ್ನು ನಿಷೇಧಿಸಿದರು. ಆ ಮದ್ದು ಪಡೆದ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳ ಕಥೆಯೂ ಈ ದನದ ಮದ್ದಿಗೆ ಅಂಟಿಕೊಂಡೇ ಇದೆ.

ಇನ್ನು ಬರೆ. ಇದನ್ನು ನಾನು ಒಪ್ಪುವುದಿಲ್ಲ, ನೀವು ಎಷ್ಟು ಕೋಪಿಸಿಕೊಂಡರೂ ಸರಿ. ಹೊಟ್ಟೆ ಉಬ್ಬರಕ್ಕೆ ಬರೆ, ಕುಂಟಿದರೆ ಬರೆ, ಹೆಗಲು ಬಾತರೆ ಬರೆ. ಇವುಗಳಲ್ಲಿ ಒಂದಕ್ಕೂ ಅದು ಮದ್ದಲ್ಲ. ಕೆಲವು ಸಲ ಉಬ್ಬರ ತಾನಾಗಿ ಇಳಿಯುತ್ತದೆ, ಬರೆಗೆ ಹೆಸರು ಬರುತ್ತದೆ. ಸುಟ್ಟ ಜಾಗದಲ್ಲಿ ಹುಳ ಬಿದ್ದ ಮೇಲೆ ನಮ್ಮ ಹತ್ತಿರ ತರುತ್ತಾರೆ.

ಮಗ ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ, ನಾನು ಕೇಳುತ್ತೇನೆ. ನಿಮ್ಮ ಎಚ್.ಎಫ್. (ಹೆಚ್ಚು ಹಾಲಿನ ವಿದೇಶಿ ತಳಿ, ಹೋಲ್‌ಸ್ಟೀನ್ ಫ್ರೀಷಿಯನ್) ಹಸು ಗಂಡು ಕರು ಹಾಕಿದರೆ ಏನು ಮಾಡುತ್ತೀರಿ? ಟ್ರ್ಯಾಕ್ಟರ್ ಬಂದ ಮೇಲೆ ಅದು ಉಳುವುದಿಲ್ಲ, ಹಾಲು ಕೊಡುವುದಿಲ್ಲ. ನಮ್ಮ ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯಿದೆ ಬಂದ ಮೇಲೆ ಕಸಾಯಿಗೆ ಮಾರಲೂ ದಾರಿಯಿಲ್ಲ. ಹಾಗಾಗಿ ಹಾಲು ಬಿಡದೆ, ಮೂಲೆಯಲ್ಲಿ ಕಟ್ಟಿ, ‘ಯಾಕೋ ಉಳೀಲಿಲ್ಲ’ ಅನ್ನುತ್ತೇವೆ. ಯಾರೂ ಕೋಲು ಎತ್ತಿಲ್ಲ, ರಕ್ತ ಬಂದಿಲ್ಲ, ಯಾವ ಕ್ಯಾಮೆರಾಕ್ಕೂ ಇದು ಸಿಗುವುದಿಲ್ಲ. ನಾನು ಕಂಡ ಕ್ರೌರ್ಯದಲ್ಲಿ ಅತಿ ಹೆಚ್ಚು ಇದೇ ಜಾತಿಯದು. ಕಾಯಿದೆ ಮಾಡಿದವರು ಆ ಕರುವಿಗೆ ಮೇವು ಯಾರು ಹಾಕಬೇಕೆಂದು ಬರೆಯಲಿಲ್ಲ. ನಿಮ್ಮನ್ನೊಬ್ಬರನ್ನೇ ಬೈದರೆ ನ್ಯಾಯವಲ್ಲ. ಈಗ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ ಬಂದಿದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರುವೇ ಆಗುತ್ತದೆ. ಮುಂದಿನ ಸಲ ಹಸು ಬೆದೆಗೆ ಬಂದಾಗ ಅದನ್ನೇ ಕೇಳಿ. ಬೇಡವಾದ ಕರು ಹುಟ್ಟದಿರುವುದು, ಹುಟ್ಟಿ ಸಾಯುವುದಕ್ಕಿಂತ ವಾಸಿ.

ಮಗನಿಗೆ ಒಂದು ಕೆಲಸ ಹೇಳಿ: ಬಂದಾಗ ಒಂದು ವಾರ ಕೊಟ್ಟಿಗೆ ಗುಡಿಸಲಿ. ಆಮೇಲೆ ಕಟುಕ ಅನ್ನಲಿ, ಕೇಳೋಣ.

ಹನ್ನೊಂದು ವರ್ಷದ ಮಗ ಶಾಲೆಯ ಗೆಳೆಯನ ಫೋನಿನಲ್ಲಿ ಈ ಚಿತ್ರದ ತುಣುಕು ನೋಡಿಬಂದು ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದಾನೆ. ಅತ್ತೆ ಬೈಯುತ್ತಾರೆ, ನನಗೆ ಅಳು ಬರುತ್ತದೆ. ಏನು ಮಾಡಲಿ? – ಬೆಂಗಳೂರು, ಜಯನಗರದಿಂದ

ಮೊದಲು ಅಳು ನಿಲ್ಲಿಸಿ ತಾಯಿ. ಅವನಿಗೆ ರೋಗ ಬಂದಿಲ್ಲ, ಕನಿಕರ ಬಂದಿದೆ. ಮೂಗು ಹಿಡಿದು ಕುಡಿಸಬೇಡಿ.

ನನ್ನ ಸಂಬಳ ಬಂದದ್ದೇ ಹಾಲಿನಿಂದ, ಹಾಗಾಗಿ ಹಾಲಿನ ವಿರುದ್ಧ ನಾನು ಮಾತಾಡುತ್ತೇನೆಂದು ನಿರೀಕ್ಷಿಸಬೇಡಿ. ಆದರೆ ‘ಹಸು ತಾನಾಗೇ ನಮಗೆ ಹಾಲು ಕೊಡುತ್ತದೆ’ ಎಂಬ ಕಥೆಯನ್ನು ಅವನಿಗೆ ಹೇಳಬೇಡಿ, ಅವನು ಅದನ್ನು ದಾಟಿ ಹೋಗಿದ್ದಾನೆ. ಕರುವಿಗೆಂದು ಬಂದ ಹಾಲಿನಲ್ಲಿ ನಾವು ಪಾಲು ತೆಗೆದುಕೊಳ್ಳುತ್ತೇವೆ. ಕೆಲವರು ಕರುವಿಗೆ ಬಿಟ್ಟು ಕರೆಯುತ್ತಾರೆ, ಕೆಲವರು ಬಿಡುವುದಿಲ್ಲ. ಕರು ಸತ್ತರೂ ಹಾಲಿಳಿಯಲಿ ಎಂದು ಆಕ್ಸಿಟೋಸಿನ್ ಚುಚ್ಚುವವರೂ ಇದ್ದಾರೆ. ಇಷ್ಟನ್ನೂ ಹೇಳಿ. ಬೆಂಗಳೂರಿನ ಸುತ್ತ ಇನ್ನೂ ನಾಲ್ಕು ಹಸು ಕಟ್ಟಿಕೊಂಡವರಿದ್ದಾರೆ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕರೆದುಕೊಂಡು ಹೋಗಿ ಹಾಲು ಕರೆಯುವುದನ್ನು ತೋರಿಸಿ. ನೋಡಿದ ಮೇಲೆ ಕುಡಿಯುತ್ತಾನೋ ಬಿಡುತ್ತಾನೋ ಅವನ ಇಷ್ಟ.

ಅತ್ತೆಯವರಿಗೆ ಸಮಾಧಾನ ಹೇಳಲು: ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಎಳ್ಳಿನಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ರಾಗಿ ಅಂಬಲಿ, ಎಳ್ಳುಚಿಗಳಿ ಕೊಡಿ. ಬಿ12 ಮಾತ್ರ ಸೊಪ್ಪು ಕಾಳಿನಲ್ಲಿ ಸಿಗದು, ಅದಕ್ಕೆ ಮಕ್ಕಳ ಡಾಕ್ಟರನ್ನು ಕೇಳಿ. ನಾನು ದನದ ಡಾಕ್ಟರು. ಆ ಚಿತ್ರ ಆ ವಯಸ್ಸಿಗೆ ತಕ್ಕದ್ದಲ್ಲ ಎಂದು ಗೆಳೆಯನ ಮನೆಯವರಿಗೂ ಒಂದು ಫೋನು ಮಾಡಿ.

ಕಂಬಳ ಕ್ರೌರ್ಯವೇ? ಹೌದು ಅಥವಾ ಅಲ್ಲ ಎಂದು ಹೇಳಿ. – ಕಾರ್ಕಳದಿಂದ

ಬಾರುಕೋಲು ಎತ್ತಿದರೆ ಹೌದು. ಎತ್ತದೆ ಓಡಿಸಿದ ಕೋಣಗಳನ್ನೂ ನೋಡಿದ್ದೇನೆ, ಅವುಗಳಿಗೆ ಸಿಗುವ ಹುರುಳಿ, ಎಣ್ಣೆಯ ನೀವು, ಈಜುಕೊಳ ನಮ್ಮ ಬಯಲುಸೀಮೆಯ ಎತ್ತು ಕನಸಿನಲ್ಲೂ ಕಂಡಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಲ್ಲಿಸಿದಾಗ ಕಂಬಳಕ್ಕೂ ಬಿಸಿ ತಟ್ಟಿತು. ಕಂಬಳ ಉಳಿಸಲು ನಮ್ಮ ಸರ್ಕಾರ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಈಗ ಚೆಂಡು ನಿಮ್ಮವರ ಅಂಗಳದಲ್ಲಿದೆ, ಕೋಲು ನಿಮ್ಮವರ ಕೈಯಲ್ಲಿ.

ನಾನು ಚಿಕ್ಕವನಿದ್ದಾಗ ಕರಡಿ ಆಡಿಸುವವರು ಮನೆ ಬಾಗಿಲಿಗೆ ಬರುತ್ತಿದ್ದರು. ಜ್ವರ ಬಂದ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು, ಕೂದಲಿನ ತಾಯತ ಕಟ್ಟುತ್ತಿದ್ದರು. ಆ ಕರಡಿಗಳೂ ಆ ಜನರೂ ಏನಾದರು? – ಸಂಡೂರಿನಿಂದ

ನಿಮ್ಮ ಪ್ರಶ್ನೆಯಲ್ಲಿ ‘ಆ ಜನರೂ’ ಎಂಬ ಮಾತು ಇರುವುದಕ್ಕೆ ನಿಮಗೊಂದು ನಮಸ್ಕಾರ.

ಅವರು ಖಲಂದರರು. ಮೊಗಲರ ಕಾಲದಿಂದ ಆಡಿಸಿಕೊಂಡು ಬಂದವರು ಎನ್ನುತ್ತಾರೆ. ಮರಿ ಕಣ್ಣು ಬಿಡುವ ಹೊತ್ತಿಗೆ ತಾಯಿಯಿಂದ ಕಿತ್ತುಕೊಂಡು ಬರುತ್ತಿದ್ದರು. ತಾಯಿಯನ್ನು ಸಾಮಾನ್ಯವಾಗಿ ಕೊಲ್ಲಬೇಕಾಗುತ್ತಿತ್ತು. ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಮೂತಿ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಕೋರೆ ಹಲ್ಲು ಉದುರಿಸುತ್ತಿದ್ದರು. ಕರಡಿ ಕುಣಿಯುತ್ತಿರಲಿಲ್ಲ. ಹಗ್ಗ ಜಗ್ಗಿದಾಗ ಗಾಯದ ನೋವಿಗೆ ಹಿಂಗಾಲ ಮೇಲೆ ಏಳುತ್ತಿತ್ತು. ನಾವು ಚಪ್ಪಾಳೆ ತಟ್ಟಿ ಅಕ್ಕಿ ಹಾಕಿದೆವು.

1972ರ ವನ್ಯಜೀವಿ ಕಾಯಿದೆಯಿಂದ ಇದು ಅಪರಾಧವಾಯಿತು, ಆದರೂ ಮೂರು ದಶಕಕ್ಕೂ ಹೆಚ್ಚು ಕಾಲ ನಡೆದೇ ಇತ್ತು. ಕರಡಿ ಹಿಡಿದೊಯ್ದರೆ ಆ ಮನೆಯ ಒಲೆ ಆರುತ್ತಿತ್ತು, ಅವರು ಇನ್ನೊಂದು ಮರಿ ತರುತ್ತಿದ್ದರು. ಹಾಗಾಗಿ ‘ವೈಲ್ಡ್‌ಲೈಫ್ ಎಸ್‌ಒಎಸ್’ ಎಂಬ ಸಂಸ್ಥೆಯವರು ಕರಡಿ ಒಪ್ಪಿಸಿದ ಕುಟುಂಬಕ್ಕೆ ಬೇರೆ ಕಸುಬಿಗೆ ಹಣ, ಮಕ್ಕಳಿಗೆ ಓದು ಎಂಬ ದಾರಿ ಹಿಡಿದರು. ಆಗ ಕೆಲಸವಾಯಿತು. 2009ರ ಕೊನೆಯಲ್ಲಿ ಕಟ್ಟಕಡೆಯ ಕುಣಿತದ ಕರಡಿಯನ್ನೂ ಬಿಡಿಸಿದರು, ರಾಜು ಎಂದು ಅದರ ಹೆಸರು. ಅದು ಹೋದದ್ದು ನಮ್ಮ ಬನ್ನೇರುಘಟ್ಟಕ್ಕೆ. ಹಲ್ಲಿಲ್ಲದ ಅಂಥ ಕರಡಿಗಳನ್ನು ಕಾಡಿಗೆ ಬಿಡಲಾಗದು, ಅಲ್ಲಿ ಗಂಜಿ, ಹಣ್ಣು ತಿಂದುಕೊಂಡು ಇರುತ್ತವೆ.

ಮೂತಿಗೆ ಹಗ್ಗವಿಲ್ಲದ ಕರಡಿ ನೋಡಬೇಕಿದ್ದರೆ ನಿಮಗೆ ಬನ್ನೇರುಘಟ್ಟದವರೆಗೆ ಬರುವ ಕೆಲಸವೇ ಇಲ್ಲ, ಪಕ್ಕದಲ್ಲೇ ದರೋಜಿ ಕರಡಿಧಾಮ ಇದೆ. ಸಂಜೆ ಬಂಡೆಯ ಮೇಲೆ ಬೆಲ್ಲದ ಪಾಕ ನೆಕ್ಕಲು ಮರಿ ಹೊತ್ತ ತಾಯಿ ಕರಡಿಗಳು ಇಳಿದುಬರುತ್ತವೆ. ಮೊಮ್ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ತಾಯತ ಮಾತ್ರ ಕೇಳಬೇಡಿ.

ಹೆದ್ದಾರಿಯಲ್ಲಿ ದನ ತುಂಬಿದ ಲಾರಿ ಕಂಡರೆ, ಅಥವಾ ಯಾರಾದರೂ ಪ್ರಾಣಿಗೆ ಹಿಂಸೆ ಕೊಡುವುದು ಕಂಡರೆ ನಮ್ಮಂಥವರು ಏನು ಮಾಡಬಹುದು? ದಂಡ ಐವತ್ತೇ ರೂಪಾಯಿ ಅಂತಾರಲ್ಲ? – ಚಿತ್ರದುರ್ಗದಿಂದ

ಹೌದು, ಐವತ್ತೇ. ಚೆನ್ನೈನ ಕಲಾಕ್ಷೇತ್ರ ನೃತ್ಯಶಾಲೆ ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಖಾಸಗಿ ಮಸೂದೆ ಮಂಡಿಸಿದ್ದರಿಂದ ಪ್ರಾಣಿಹಿಂಸೆ ತಡೆ ಕಾಯಿದೆ 1960ರಲ್ಲಿ ಬಂತು. ಅದರ 11ನೇ ಕಲಮಿನಲ್ಲಿ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ. ಆಗ ಅದು ಕೂಲಿಯವನಿಗೆ ದೊಡ್ಡ ಮೊತ್ತ, ಈಗ ಎರಡು ಮಸಾಲೆ ದೋಸೆಗೂ ಸಾಲದು. ಹಾಲಿಗಾಗಿ ದನದ ಆರೋಗ್ಯ ಕೆಡಿಸುವ ಇಂಜೆಕ್ಷನ್ ಚುಚ್ಚಿದರೆ 12ನೇ ಕಲಮಿನಲ್ಲಿ ಸಾವಿರ ರೂಪಾಯಿಯವರೆಗೆ ದಂಡ, ಎರಡು ವರ್ಷದವರೆಗೆ ಜೈಲು ಇದೆ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಹಾಕಬಹುದು, ಐದು ವರ್ಷದವರೆಗೆ ಶಿಕ್ಷೆ. ದೂರು ಬರೆದುಕೊಡುವಾಗ ಆ ಸಂಖ್ಯೆಯನ್ನು ನೀವೇ ಬರೆಯಿರಿ, ಠಾಣೆಯಲ್ಲಿ ಅದು ನೆನಪಿಗೆ ಬರುವುದು ಅಪರೂಪ.

ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬುವಂತಿಲ್ಲ, ಪ್ರಯಾಣಕ್ಕೆ ತಕ್ಕ ಸ್ಥಿತಿಯಲ್ಲಿವೆ ಎಂದು ಪಶುವೈದ್ಯರ ಪತ್ರವೂ ಇರಬೇಕು. 1978ರಿಂದ ಇರುವ ನಿಯಮ. ಹೆಚ್ಚು ಕಂಡರೆ 112ಕ್ಕೆ ಕರೆ ಮಾಡಿ, ವಾಹನದ ಸಂಖ್ಯೆ, ಯಾವ ಟೋಲಿನ ಹತ್ತಿರ, ಯಾವ ದಿಕ್ಕಿಗೆ ಹೋಗುತ್ತಿದೆ ಹೇಳಿ. ಗಾಯಗೊಂಡ ಪ್ರಾಣಿಗೆ 1962, ಪಶು ಆಂಬುಲೆನ್ಸ್ ಬರುತ್ತದೆ. ಫೋಟೊ ತೆಗೆದರೆ ಅದರಲ್ಲಿ ಹೊತ್ತೂ ಜಾಗವೂ ಗೊತ್ತಾಗುವಂತಿರಲಿ, ಆ ಚಿತ್ರದವರ ಹಾಗೆ ಮಾಡಬೇಡಿ.

ಲಾರಿಯನ್ನು ನೀವೇ ಅಡ್ಡಗಟ್ಟಬೇಡಿ, ನಾಲ್ಕು ಜನರನ್ನು ಕೂಗಿ ಕರೆಯಬೇಡಿ. ತಡೆದು ನಿಲ್ಲಿಸುವುದು ಪೊಲೀಸರ ಕೆಲಸ. ದನ ಉಳಿಸಲು ಹೋಗಿ ಮನುಷ್ಯನನ್ನು ಬಡಿದ ಪ್ರಕರಣಗಳಲ್ಲಿ ದನಗಳಿಗೆ ಕೊನೆಗೆ ಯಾರು ನೀರು ಕುಡಿಸಿದರು ಎಂದು ಯಾವ ಪತ್ರಿಕೆಯೂ ಬರೆದದ್ದನ್ನು ನಾನು ಓದಿಲ್ಲ. ನಿಮ್ಮ ಗಾಡಿಯಲ್ಲಿ ಒಂದು ಬಕೆಟ್ ಇಟ್ಟುಕೊಳ್ಳಿ. ಪೊಲೀಸರು ಲಾರಿ ನಿಲ್ಲಿಸಿ ಮಹಜರು ಬರೆಯುವಷ್ಟರಲ್ಲಿ ಎರಡು ಗಂಟೆಯಂತೂ ಆಗುತ್ತದೆ.